ನಾಡಿಯ ತಾಳ ತಪ್ಪಿದೆಯೇ? ಬೆರಳಿಟ್ಟು ನೋಡಿ

ಮೊದಲು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಅಂಗೈ ಮೇಲ್ಮುಖವಾಗಿರಲಿ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳು ಇಡಿ. ಹೆಬ್ಬೆರಳು ಬೇಡ, ಅದರದೇ ಮಿಡಿತ ಲೆಕ್ಕಕ್ಕೆ ಸೇರಿಬಿಡುತ್ತದೆ. ಗಡಿಯಾರ ನೋಡಿಕೊಂಡು ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಇಲ್ಲಿ ನಡೆಯದು. ನಮಗೆ ಬೇಕಿರುವುದು ಸಂಖ್ಯೆಗಿಂತ ಹೆಚ್ಚಾಗಿ ತಾಳ.

ಉಸಿರೆಳೆದಾಗ ಮಿಡಿತ ಕೊಂಚ ಚುರುಕಾಗುವುದು ಸಹಜ. ಆಗೊಮ್ಮೆ ಈಗೊಮ್ಮೆ ಒಂದು ಬಡಿತ ತಪ್ಪಿದಂತಾದರೂ ಗಾಬರಿ ಬೇಡ. ಆದರೆ ಮುಂದಿನ ಬಡಿತ ಯಾವಾಗ ಬರುತ್ತದೆಂದು ಊಹಿಸಲೇ ಆಗದಿದ್ದರೆ, ಒಂದು ಜೋರಾಗಿ ಮತ್ತೊಂದು ಕ್ಷೀಣವಾಗಿ ಬೆರಳಿಗೆ ತಾಗುತ್ತಿದ್ದರೆ, ಅದು ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳು (ಹೃತ್ಕರ್ಣ) ತಾಳ ತಪ್ಪಿ ಅದುರುವ ತೊಂದರೆ ಇರಬಹುದು. ಖಚಿತಪಡಿಸಲು ಇಸಿಜಿಯೇ ಬೇಕು.

‘ನೋಡೋಣ, ತಾನಾಗಿ ಸರಿಹೋದೀತು’ ಎಂದು ತಿಂಗಳುಗಟ್ಟಲೆ ಕೂರುವುದು ಏಕೆ ತಪ್ಪು? ಹೃದಯದ ಸ್ನಾಯುಕೋಶದೊಳಗೆ ಇಣುಕಿದರೆ ಗೊತ್ತಾಗುತ್ತದೆ. ಪ್ರತಿ ಬಡಿತಕ್ಕೂ ಹೊರಗಿನಿಂದ ಒಂದಿಷ್ಟು ಕ್ಯಾಲ್ಸಿಯಂ ಕೋಶಕ್ಕೆ ನುಗ್ಗಿ, ಒಳಗಿನ ಉಗ್ರಾಣದ ಬಾಗಿಲು ತೆರೆಸುತ್ತದೆ. ಅಲ್ಲಿಂದ ಹರಿದುಬಂದ ಕ್ಯಾಲ್ಸಿಯಂನಿಂದಲೇ ಸ್ನಾಯು ಬಿಗಿಯುವುದು. ಅದು ಸಡಿಲಗೊಳ್ಳಬೇಕಾದರೆ ಪಂಪುಗಳು ಅಷ್ಟನ್ನೂ ಬಾಚಿ ತೆಗೆಯಬೇಕು. ಫಿಬ್ರಿಲೇಷನ್‌ನಲ್ಲಿ ಹೃತ್ಕರ್ಣಕ್ಕೆ ನಿಮಿಷಕ್ಕೆ 350ಕ್ಕೂ ಹೆಚ್ಚು ವಿದ್ಯುತ್ ಪ್ರಚೋದನೆ. ಬಾಚಿ ಮುಗಿಯುವಷ್ಟರಲ್ಲಿ ಮತ್ತೊಂದು ಅಲೆ. (ಕ್ಯಾಲ್ಸಿಯಂ ಮಾತ್ರೆ ನುಂಗುವುದಕ್ಕೂ ಇದಕ್ಕೂ ಗಂಟು ಹಾಕಬೇಡಿ.)

ಹೀಗೆ ಒಳಗೆ ತುಂಬಿಕೊಳ್ಳುವ ಕ್ಯಾಲ್ಸಿಯಂ ಹೊರೆಯಿಂದ ಪಾರಾಗಲು ಕೋಶ ಹೊರಗಿನಿಂದ ಬರುವ ಕ್ಯಾಲ್ಸಿಯಂಗೇ ಕಡಿವಾಣ ಹಾಕುತ್ತದೆ. ಉಪಾಯ ಒಳ್ಳೆಯದೇ, ಆದರೆ ತಿರುಗುಬಾಣ. ವಿದ್ಯುತ್ ಸಂಕೇತ ಗಿಡ್ಡವಾಗಿ, ಕೋಶ ಮುಂದಿನ ಪ್ರಚೋದನೆಗೆ ಬೇಗ ಅಣಿಯಾಗುತ್ತದೆ. ಫಿಬ್ರಿಲೇಷನ್‌ಗೆ ಬೇಕಾದದ್ದೂ ಅದೇ. ಇತ್ತ ಉಗ್ರಾಣದ ಬಾಗಿಲು, ಅಂದರೆ ರಯನೊಡಿನ್ ರಿಸೆಪ್ಟರ್, ಸರಿಯಾಗಿ ಮುಚ್ಚದೆ ಸೋರತೊಡಗುತ್ತದೆ. ಸೋರಿದ್ದನ್ನು ಕೊಟ್ಟು ಸೋಡಿಯಂ ಒಳಗೆ ತರುವ ವಿನಿಮಯದಲ್ಲಿ ಅಕಾಲದ ವಿದ್ಯುತ್ ಕಿಡಿ ಹುಟ್ಟಬಹುದು. ಫಿಬ್ರಿಲೇಷನ್ ಇದ್ದಷ್ಟೂ ಬೇರೂರುತ್ತದೆ ಎಂಬುದನ್ನು 1995ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಆಡುಗಳಲ್ಲಿ ತೋರಿಸಿದ್ದರು. 7 ದಿನ ದಾಟಿದರೆ ವೈದ್ಯರು ಅದನ್ನು ‘ಪರ್ಸಿಸ್ಟೆಂಟ್’ (ಪಟ್ಟುಬಿಡದ್ದು) ಎನ್ನುತ್ತಾರೆ.

ಹಾಗಾಗಿ ತಾಳ ತಪ್ಪಿದ್ದು ಕಂಡರೆ ದಿನ, ಹೊತ್ತು, ಎಣಿಕೆ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ಎದೆನೋವು, ಉಸಿರಾಟದ ಕಷ್ಟ, ಮಾತಿನ ತೊದಲು ಇದ್ದರೆ ಎಣಿಸುತ್ತ ಕೂರದೆ ನೇರ ತುರ್ತು ವಿಭಾಗಕ್ಕೆ ಹೋಗಿ.

ವಿದ್ಯುತ್ ಶಾಕ್ ಕೊಟ್ಟು ತಾಳ ಸರಿಪಡಿಸಿದ ಮೇಲೂ, ಕುಗ್ಗಿದ್ದ ಹೃತ್ಕರ್ಣದ ಬಲ ಮರಳಲು ವಾರಗಳೇ ಹಿಡಿಯಬಹುದು. ಅಲ್ಲಿಯವರೆಗೆ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟುವ ಭಯ ಇದ್ದೇ ಇರುತ್ತದೆ. ಇಸಿಜಿ ಚೆನ್ನಾಗಿದೆಯೆಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ಮರುದಿನವೇ ಬಿಡುವವರಿದ್ದಾರೆ. ಕನಿಷ್ಠ 4 ವಾರ ಅದು ಬೇಕೇ ಬೇಕು.