ಮಾಡಿ ತಿಳಿಯುವ ಪಿಎಚ್‌ಡಿ: ಸಸ್ಟೇನಬಲ್ ಡಿಸೈನ್‌ಗೆ ಅರ್ಜಿ ಹಾಕುವ ಮುಂಚೆ

"ಕೆಲಸ ಚೆನ್ನಾಗಿದೆ, ಆದರೆ ನಿಮ್ಮ ಪ್ರಶ್ನೆ ಏನು?"

ಮೊದಲ ಸಲ ಸಸ್ಟೇನಬಲ್ ಡಿಸೈನ್ (ಪರಿಸರಕ್ಕೆ ಹೊರೆಯಾಗದ ವಿನ್ಯಾಸ) ಪಿಎಚ್‌ಡಿಗೆ ಅರ್ಜಿ ಹಾಕಿದಾಗ ಸಂದರ್ಶನದಲ್ಲಿ ನನಗೆ ಕೇಳಿದ್ದು ಇದನ್ನೇ. ಧಾರಾವಿಯ ಚಿಂದಿ ಬಟ್ಟೆಯಿಂದ ಮಾಡಿದ ಚೀಲ, ಚಾಪೆ, ದಿಂಬಿನ ಫೋಟೋಗಳನ್ನು ಒಪ್ಪವಾಗಿ ಜೋಡಿಸಿಕೊಂಡು ಹೋಗಿದ್ದೆ. ಪ್ರಶ್ನೆ ಮಾತ್ರ ಇರಲಿಲ್ಲ. ಸೀಟು ಸಿಗಲಿಲ್ಲ. ಮರುವರ್ಷ ಸಿಕ್ಕಿತು. ಈಗ ಡೊಂಬಿವಲಿಯಿಂದ, ಪುಣೆಯಿಂದ ನಮ್ಮ ಕನ್ನಡದ ಹುಡುಗ ಹುಡುಗಿಯರು ಇದರ ಬಗ್ಗೆ ಆಗಾಗ ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಮಾಡಿ ತಿಳಿಯುವ ಈ ಪ್ರಾಕ್ಟೀಸ್ ಬೇಸ್ಡ್ ಪಿಎಚ್‌ಡಿ ಅಂದರೆ ನೀವು ಮಾಡಿದ ವಸ್ತುಗಳಿಗೆ ಡಾಕ್ಟರೇಟ್ ಕೊಡುವುದಲ್ಲ. 1993ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಕ್ರಿಸ್ಟೋಫರ್ ಫ್ರೇಲಿಂಗ್ ಅವರು ಒಂದು ಪ್ರಬಂಧದಲ್ಲಿ ಮೂರು ಬಗೆ ಹೇಳಿದರು: ಡಿಸೈನ್ ಬಗ್ಗೆ ಸಂಶೋಧನೆ, ಡಿಸೈನ್‌ಗಾಗಿ ಸಂಶೋಧನೆ, ಡಿಸೈನ್ ಮೂಲಕ ಸಂಶೋಧನೆ. ನಮ್ಮದು ಮೂರನೆಯದು. ಮಾಡುತ್ತಾ ಮಾಡುತ್ತಾ ಗೊತ್ತಾಗುವುದೇ ಇಲ್ಲಿ ಜ್ಞಾನ, ಆದರೆ ಅದು ಇನ್ನೊಬ್ಬರಿಗೂ ಸಿಗುವ ಹಾಗೆ ಬರೆದಿಡಬೇಕು. ಅದಕ್ಕೇ ಕೆಲಸದ ಜೊತೆ ಥೀಸಿಸ್ಸೂ ಇರುತ್ತದೆ, ಬ್ರಿಟನ್ನಿನ ಹಲವು ಕಡೆ ಮಾಮೂಲಿ ಥೀಸಿಸ್‌ನ ಅರ್ಧದಷ್ಟು ಉದ್ದ.

ಹಾಗಾಗಿ ಅರ್ಜಿಯ ಜೀವ ಇರುವುದು ಪ್ರಶ್ನೆಯಲ್ಲಿ. ನಿಮ್ಮ ಪ್ರಶ್ನೆ ಎದುರಿಗಿಟ್ಟುಕೊಂಡು ಒಂದೇ ಪರೀಕ್ಷೆ ಮಾಡಿ: ಕೈಯಾರೆ ಏನನ್ನೂ ಮಾಡದೆ ಇದಕ್ಕೆ ಉತ್ತರ ಸಿಗುತ್ತದಾ? ಸಿಗುವುದಾದರೆ ಅದು ಬೇರೆ ಪಿಎಚ್‌ಡಿ. "ಧಾರಾವಿಯಲ್ಲಿ ದಿನಕ್ಕೆ ಎಷ್ಟು ಕತ್ರನ್ ಬೀಳುತ್ತದೆ" ಎನ್ನುವುದಕ್ಕೆ ಸರ್ವೆ ಸಾಕು. (ಹೊಲಿಗೆ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಚೂರಿಗೆ ಇಲ್ಲಿ ಕತ್ರನ್ ಎನ್ನುತ್ತಾರೆ.) "ಕಟಿಂಗ್ ಮಾಸ್ಟರ್ ಬಟ್ಟೆಯ ಮೇಲೆ ಪ್ಯಾಟರ್ನ್ (ಕತ್ತರಿಸುವ ಅಚ್ಚು) ಜೋಡಿಸುವ ರೀತಿಯನ್ನೇ ಬದಲಿಸಿದರೆ ಕತ್ರನ್ ಕಡಿಮೆಯಾಗುತ್ತದಾ, ಆಗ ಅವರ ದಿನದ ಪೀಸ್ ಲೆಕ್ಕ ಎಲ್ಲಿಗೆ ಬರುತ್ತದೆ" ಎನ್ನುವುದಕ್ಕೆ ಮಾಸ್ಟರ್ ಪಕ್ಕ ನಿಂತು, ಬಟ್ಟೆ ಹಾಸಿ, ಕತ್ತರಿಸಿ, ಕೆಡಿಸಿ, ಮತ್ತೆ ಕತ್ತರಿಸಿಯೇ ನೋಡಬೇಕು. ನನ್ನ ಎರಡನೇ ಅರ್ಜಿ ನಿಂತದ್ದು ಈ ಪ್ರಶ್ನೆಯ ಮೇಲೆ. ಚಿಂದಿಯಿಂದ ಚೀಲ ಹೊಲಿಯುತ್ತಿದ್ದ ನಾನು, ಚಿಂದಿ ಯಾಕೆ ಬೀಳುತ್ತದೆ ಅಂತ ಆವರೆಗೆ ಕೇಳಿಯೇ ಇರಲಿಲ್ಲ.

ಇನ್ನೊಂದು ಕೆಲಸ ಮಾಡಿ, ಸ್ವಲ್ಪ ಕಷ್ಟ, ಆದರೆ ಮಾಡಲೇಬೇಕು. ಪ್ರಪೋಸಲ್‌ನಲ್ಲಿ (ಅರ್ಜಿಯ ಜೊತೆ ಕೊಡುವ ಸಂಶೋಧನೆಯ ಯೋಜನೆ) ಸಸ್ಟೇನಬಲ್ ಎಂದು ಬರೆದ ಕಡೆಯೆಲ್ಲಾ ಆ ಪದ ಹೊಡೆದುಹಾಕಿ. ಆ ಜಾಗದಲ್ಲಿ ಏನು ಕಡಿಮೆಯಾಗುತ್ತದೆ, ಎಷ್ಟು, ಯಾರಿಗೆ ಅಂತ ಬರೆಯಿರಿ. ನೀರಾ, ಕರೆಂಟಾ, ಕಸವಾ, ಕೆಲಸಗಾರರ ಸೊಂಟನೋವಾ? ಉತ್ಪನ್ನದ ಇಡೀ ಆಯುಷ್ಯದ ಪರಿಸರ ಲೆಕ್ಕ ಹಾಕಲು ಐಎಸ್‌ಒ 14040 ಎಂಬ ಮಾನದಂಡವಿದೆ. ಅದರಲ್ಲಿ ನಾಲ್ಕು ಹಂತ: ಗುರಿ ಮತ್ತು ಗಡಿ ಹಾಕಿಕೊಳ್ಳುವುದು, ಒಳಗೆ ಹೋಗಿದ್ದು ಹೊರಗೆ ಬಂದಿದ್ದರ ಪಟ್ಟಿ, ಅದರ ಪರಿಣಾಮ, ಕೊನೆಗೆ ಅರ್ಥ ಮಾಡುವುದು. ಅರ್ಜಿಗೆ ಅಷ್ಟೆಲ್ಲಾ ಬೇಡ, ಆದರೆ ನಿಮ್ಮ ಲೆಕ್ಕ ಎಲ್ಲಿಂದ ಎಲ್ಲಿಯವರೆಗೆ ಅನ್ನುವ ಗಡಿಯನ್ನು ಒಂದು ಸಾಲಿನಲ್ಲಾದರೂ ಹೇಳಿ. ಉದಾಹರಣೆಗೆ, ಕಾಟನ್ ಪಾಲಿಯೆಸ್ಟರ್ ಬೆರೆತ ಬಟ್ಟೆಯನ್ನು ಮತ್ತೆ ನೂಲಾಗಿಸುವುದು ಬಹಳ ಕಷ್ಟ, ಅದರಿಂದ ಚೀಲ ಮಾಡಿದರೂ ಚೀಲ ಹರಿದ ಮೇಲೆ ಅದು ಕಸವೇ. ಇದನ್ನು ನೀವೇ ಮೊದಲು ಒಪ್ಪಿಕೊಂಡರೆ ಸಂದರ್ಶನದ ಅರ್ಧ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಹಾಗೆ.

ಇವತ್ತೇ ಒಂದು ನೋಟ್‌ಬುಕ್ ಶುರು ಮಾಡಿ. ತಾರೀಕು, ಏನು ಮಾಡಿದಿರಿ, ಎಷ್ಟು ತೂಕ, ಏನು ಕೆಟ್ಟಿತು, ಮುಂದೆ ಏನು ಬದಲಿಸಿದಿರಿ. ನಾನು ಅಡುಗೆಮನೆಯ ತಕ್ಕಡಿ ಹೊತ್ತುಕೊಂಡು ಕಾರ್ಖಾನೆಗೆ ಹೋಗುತ್ತಿದ್ದೆ. ಅಲ್ಲಿನ ಮಾಸ್ಟರ್ ಕಲಬುರಗಿ ಕಡೆಯವರು. ಮೊದಲ ವಾರ ಹಿಂದಿಯಲ್ಲಿ ಹೂಂ, ಉಹೂಂ ಅಷ್ಟೇ. ಒಂದು ದಿನ ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡಿದ್ದು ಕೇಳಿಸಿಕೊಂಡು, "ಅಯ್ಯ, ನೀವು ನಮ್ಮವರೇನ್ರೀ ಅಕ್ಕಾ? ಮತ್ತ ಚಿಂದಿ ಯಾಕ ತೂಗಾಕತ್ತೀರಿ?" ಅಂದರು. ಅವತ್ತಿನಿಂದ ಅವರು ಹೇಳಿಕೊಟ್ಟಿದ್ದು ಯಾವ ಸಂಶೋಧನಾ ಪೇಪರಿನಲ್ಲೂ ನನಗೆ ಸಿಕ್ಕಿರಲಿಲ್ಲ. ಮುಂಬೈ, ಪುಣೆ, ಗೋವಾದ ವಾಸ್ಕೋ ಎಲ್ಲೇ ಇರಿ, ದುಡಿಯುವವರಲ್ಲಿ ಕನ್ನಡದವರು ಇದ್ದೇ ಇರುತ್ತಾರೆ, ಅವರ ಭಾಷೆ ನಿಮಗೆ ಬರುತ್ತದೆ ಅನ್ನುವುದು ಸಂಶೋಧನೆಯ ದೊಡ್ಡ ಬಲ. ಅದನ್ನು ಪ್ರಪೋಸಲ್‌ನಲ್ಲಿ ಬರೆಯಿರಿ. ಅವರ ಒಪ್ಪಿಗೆ ಹೇಗೆ ಪಡೆಯುತ್ತೀರಿ, ಅವರ ಸಮಯಕ್ಕೆ ಏನು ಕೊಡುತ್ತೀರಿ, ಅವರ ತಿಳಿವಳಿಕೆಗೆ ಹೆಸರು ಹೇಗೆ ಸಲ್ಲುತ್ತದೆ ಎನ್ನುವುದೂ ಅಲ್ಲೇ ಇರಲಿ.

ಎಲ್ಲಿಗೆ ಹಾಕುವುದು? ಮುಂಬೈಯವರಿಗೆ ಹತ್ತಿರದ್ದು ಪವಾಯಿ ಐಐಟಿಯ ಡಿಸೈನ್ ವಿಭಾಗವಾದ ಐಡಿಸಿ, 1969ರಲ್ಲಿ ಶುರುವಾದದ್ದು, ಅಲ್ಲಿ ಡಿಸೈನ್‌ನಲ್ಲಿ ಪಿಎಚ್‌ಡಿ ಇದೆ. ಅಹಮದಾಬಾದಿನ ಎನ್‌ಐಡಿಯಲ್ಲೂ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಇದೆ. ಡಿಸೈನ್ ಪ್ರವೇಶಕ್ಕೆ ನಡೆಸುವ ಸೀಡ್ (CEED) ಪರೀಕ್ಷೆ ಜನವರಿಯಲ್ಲಿ, ಅದರ ಅಂಕ ಒಂದೇ ವರ್ಷ ನಡೆಯುತ್ತದೆ. ನಿಮ್ಮ ಸಂಸ್ಥೆ ಅದನ್ನು ಕೇಳುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ವಿಶ್ವವಿದ್ಯಾಲಯಗಳಿಗೆ ಯುಜಿಸಿಯ 2022ರ ನಿಯಮ: ಸ್ನಾತಕೋತ್ತರದಲ್ಲಿ ಸಾಮಾನ್ಯವಾಗಿ 55 ಶೇಕಡಾ, ಅವಧಿ ಕನಿಷ್ಠ 3, ಗರಿಷ್ಠ 6 ವರ್ಷ. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಯುರೋಪಿನಲ್ಲಿ ಮೇರಿ ಕ್ಯೂರಿ ಹೆಸರಿನ ಡಾಕ್ಟರಲ್ ನೆಟ್‌ವರ್ಕ್‌ಗಳಲ್ಲಿ (ಹಲವು ಸಂಸ್ಥೆಗಳು ಸೇರಿ ನಡೆಸುವ ಪಿಎಚ್‌ಡಿ ಯೋಜನೆಗಳು) ಸಂಬಳವೇ ಕೊಡುತ್ತಾರೆ, ಷರತ್ತು ಏನೆಂದರೆ ಹಿಂದಿನ 36 ತಿಂಗಳಲ್ಲಿ ನಿಮ್ಮನ್ನು ಸೇರಿಸಿಕೊಳ್ಳುವ ಸಂಸ್ಥೆಯ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಹೊರದೇಶಗಳಲ್ಲಿ ಬಹಳ ಕಡೆ ಫಂಡಿಂಗ್‌ನ ಕೊನೆ ದಿನ ಪ್ರವೇಶದ ಕೊನೆ ದಿನಕ್ಕಿಂತ ಮೊದಲೇ ಬರುತ್ತದೆ, ಇದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಂಕಪಟ್ಟಿ, ಟ್ರಾನ್ಸ್‌ಕ್ರಿಪ್ಟ್, ಶಿಫಾರಸು ಪತ್ರ ಎರಡು ಮೂರು ತಿಂಗಳು ಮೊದಲೇ ಕೇಳಿಡಿ.

ಗೈಡ್‌ಗೆ ಬರೆಯುವ ಮೊದಲು ಅವರ ಎರಡು ಪೇಪರಾದರೂ ಓದಿ. ಮೇಲ್ ಚಿಕ್ಕದಿರಲಿ: ನಿಮ್ಮ ಪ್ರಶ್ನೆ, ಇಲ್ಲಿಯವರೆಗೆ ಮಾಡಿ ನೋಡಿದ್ದು, ಅವರ ಯಾವ ಕೆಲಸ ನಿಮಗೆ ದಾರಿ ತೋರಿಸಿತು, ಅಷ್ಟು ಸಾಕು. ಒಂದೇ ಮೇಲನ್ನು ಇಪ್ಪತ್ತು ಜನಕ್ಕೆ ಸುಮ್ನೆ ಕಳಿಸಬೇಡಿ, ಓದಿದವರಿಗೆ ಕೂಡಲೇ ಗೊತ್ತಾಗುತ್ತದೆ.

ಪೋರ್ಟ್‌ಫೋಲಿಯೊದಲ್ಲಿ ಹತ್ತು ಕೆಲಸ ತುಂಬುವ ಬದಲು ಮೂರು ಇಡಿ, ಆದರೆ ಆ ಮೂರೂ ಹುಟ್ಟಿದ ದಾರಿ ಪೂರ್ತಿ ಕಾಣಲಿ, ಕೆಟ್ಟ ಸ್ಯಾಂಪಲ್ ಸಮೇತ. ಸಂದರ್ಶನಕ್ಕೆ ನಾನು ನೋಟ್‌ಬುಕ್ಕನ್ನೂ, ಹಾಳಾದ ನಾಲ್ಕು ತುಂಡು ಬಟ್ಟೆಯನ್ನೂ ಒಯ್ದಿದ್ದೆ. ತುಂಡುಗಳು ಕೈಯಿಂದ ಕೈಗೆ ಹೋದವು, "ಈ ಮೂರನೆಯದು ಯಾಕೆ ಎಳೆದ ಹಾಗಾಗಿದೆ?" ಅಂತ ಒಬ್ಬರು ಕೇಳಿದರು, ಉಳಿದ ಸಮಯವೆಲ್ಲಾ ಅದೇ ಮಾತು. ಆನ್‌ಲೈನ್ ಸಂದರ್ಶನವಾದರೆ ಸ್ಯಾಂಪಲ್ ಫೋಟೋ ತೆಗೆಯುವಾಗ ಪಕ್ಕದಲ್ಲೊಂದು ಸ್ಕೇಲ್ ಇಟ್ಟು, ತೂಕವನ್ನು ಕೆಳಗೆ ಬರೆದುಕೊಳ್ಳಿ.