ಗೋಡೆ ಸ್ಪೀಕರ್‌ಗೆ ಎಂಟಿಂಚಿನ ಸಬ್‌ವೂಫರ್ ಸಾಕಾಯಿತು: ನನ್ನ ಅನುಭವ

ಗೋಡೆಗೆ ಹೊಡೆದ ಪ್ಯಾಸಿವ್ ಸ್ಪೀಕರ್ (ಒಳಗೆ ಆಂಪ್ಲಿಫೈಯರ್ ಇಲ್ಲದ್ದು) ಜೊತೆ ಸಬ್‌ವೂಫರ್, ಅಂದರೆ ತಳದ ಬೇಸ್‌ಗಷ್ಟೇ ಇರುವ ಡಬ್ಬ, ಬೆರೆಯೋದೇ ಇಲ್ಲ, ಎಲ್ಲ ಮಾರಿ ಒಂದು 5.1 ಸೆಟ್ (ಐದು ಸ್ಪೀಕರ್, ಒಂದು ಸಬ್ ಒಟ್ಟಿಗೆ ಬರುವುದು) ತಗೊಂಡುಬಿಡು ಅಂತ ನನಗೆ ಹೇಳದವರಿಲ್ಲ. ಬೆರೆಯುತ್ತದೆ. ಈಗ ನಮ್ಮ ಮನೆ ಹಾಲ್‌ನಲ್ಲಿ ಕೂತವರಿಗೆ ಸಬ್ ಎಲ್ಲಿದೆ ಅಂತ ಪತ್ತೆಯೇ ಆಗುವುದಿಲ್ಲ. ಅದೂ ಎಂಟಿಂಚಿನ ಸಬ್. ಅದನ್ನು ತಂದ ದಿನ ನನ್ನ ಭಾವ ನೋಡಿ, "ಇದು ಮಕ್ಕಳ ಆಟದ ಸಾಮಾನು, ಹನ್ನೆರಡಿಂಚು ಇಲ್ಲದೆ ಬೇಸ್ ಬರಲ್ಲ" ಅಂದಿದ್ದರು. ಕ್ರಾಸ್‌ಓವರ್ (ಯಾವ ಹರ್ಟ್ಸ್‌ನಲ್ಲಿ ಸ್ಪೀಕರ್ ಬಿಟ್ಟು ಸಬ್ ಹಿಡಿಯುತ್ತದೆ ಅನ್ನುವುದು, ಅದನ್ನೇ ಮುಂದೆ ಕಟ್ ಅಂದಿದ್ದೇನೆ), ಫೇಸ್ (ಎರಡರ ಅಲೆ ಒಟ್ಟಿಗೆ ಏರಿಳಿಯುತ್ತವೆಯೇ ಅನ್ನುವುದು) ಎಲ್ಲ ಗೊತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಅದನ್ನೆಲ್ಲ ಇಲ್ಲಿ ಉದ್ದಕ್ಕೆ ವಿವರಿಸಲು ಹೋಗುವುದಿಲ್ಲ.

ನಾನಿರುವುದು ತುಮಕೂರಿನಲ್ಲಿ. ಕೆಲಸ ಆಂಪ್ಲಿಫೈಯರ್ (ಆಂಪ್), ಸ್ಪೀಕರ್ ರಿಪೇರಿ. ನಮ್ಮ ಹಾಲ್ 14 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಇಟ್ಟಿಗೆ ಗೋಡೆ, ಮೋಲ್ಡ್ ಛಾವಣಿ, ಕೆಳಗೆ ಟೈಲ್ಸ್. ಟಿವಿ ಮತ್ತು ಸ್ಪೀಕರ್ ಎರಡೂ 11 ಅಡಿ ಗೋಡೆಯ ಮೇಲೆ. ಸೋಫಾ ಎದುರು ಗೋಡೆಗೆ ಅಂಟಿಕೊಂಡಂತೆ ಇದೆ. ಸ್ಪೀಕರ್ ನಾಲ್ಕಿಂಚಿನ ವೂಫರ್‌ನವು, ಸೀಲ್ಡ್ ಡಬ್ಬ (ಗಾಳಿಗೆ ತೂತಿಲ್ಲದೆ ಮುಚ್ಚಿದ್ದು), 8 ಓಮ್. ಸೆಕೆಂಡ್ ಹ್ಯಾಂಡ್‌ನಲ್ಲಿ ಜೋಡಿಗೆ 9,000 ಹತ್ತಿರ ಕೊಟ್ಟ ನೆನಪು. ಆಂಪ್ ಹಳೆಯ ಸ್ಟೀರಿಯೊ. ಸಬ್ ಔಟ್ ಇಲ್ಲ, ಪ್ರೀ ಔಟ್ ಕೂಡ ಇಲ್ಲ, ಅಂದರೆ ಸಬ್‌ಗೆ ಸಿಗ್ನಲ್ ಕೊಡುವ ಸಾಕೆಟ್ಟೇ ಇಲ್ಲ.

ಮೊದಲು ತಂದಿದ್ದು ಊರಲ್ಲೇ ಸಿಗುವ 12 ಇಂಚಿನ ರೆಡಿಮೇಡ್ ಡಬ್ಬ. 11,000 ಚಿಲ್ಲರೆ. ಹಿಂದೆ ದಪ್ಪ ಅಕ್ಷರದಲ್ಲಿ ಪಿಎಂಪಿಒ ವ್ಯಾಟ್ (ಜಾಹೀರಾತಿಗೆ ಉಬ್ಬಿಸಿ ಹೇಳುವ ಲೆಕ್ಕ) ಬರೆದಿತ್ತು. ಆ ನಂಬರ್‌ನಿಂದ ಏನೂ ತಿಳಿಯಲ್ಲ, ಸತತವಾಗಿ ಕೊಡುವ ನಿಜವಾದ ವ್ಯಾಟ್, ಅಂದರೆ ಆರ್‌ಎಂಎಸ್ ಎಷ್ಟು ಅಂತ ಕೇಳಿದರೆ ಅಂಗಡಿಯವರಿಗೇ ಗೊತ್ತಿಲ್ಲ. ಜಾಗ ಇದ್ದದ್ದು ಸೋಫಾ ಪಕ್ಕದ ಮೂಲೆಯಲ್ಲಿ ಮಾತ್ರ, ಅಲ್ಲೇ ಇಟ್ಟೆ. ಸಂಜೆ ವಾರ್ತೆ ಹಾಕಿದರೆ ಓದುವವರ ಬಾಯಿ ಟಿವಿಯಲ್ಲಿ, ದನಿಯ ಅರ್ಧ ನನ್ನ ಬಲಗಿವಿಯ ಹಿಂದೆ. ಗಂಡಸರ ದನಿಯ ತಳ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿ ಇರುತ್ತದೆ ಅಲ್ವಾ, ಅದನ್ನು ಈ ಡಬ್ಬ ಎಳೆದುಕೊಳ್ಳುತ್ತಿತ್ತು. ಸಬ್‌ನ ಕಟ್ ನಾಬ್ ತಿರುಗಿಸಿ 80ಕ್ಕೆ ಇಳಿಸಿದೆ. ದನಿ ಟಿವಿ ಹತ್ತಿರ ಹೋಯಿತು. ಆದರೆ ಕಛೇರಿ ಹಾಕಿದಾಗ ಮೃದಂಗದ ಎಡಗೈ ಪೆಟ್ಟು ಟೊಳ್ಳಾಯಿತು. ಪೆಟ್ಟು ಬೀಳುತ್ತದೆ, ಮೈ ಇಲ್ಲ. ಮೇಲಕ್ಕೆ ಏರಿಸಿದರೆ ದನಿ ಹಿಂದೆ, ಕೆಳಕ್ಕೆ ಇಳಿಸಿದರೆ ನಡುವೆ ಹಳ್ಳ. ಕೊನೆಗೆ ಆ ಡಬ್ಬವನ್ನು ಆರ್ಕೆಸ್ಟ್ರಾ ಹುಡುಗರಿಗೆ 7,000ಕ್ಕೆ ಕೊಟ್ಟೆ.

ಆಮೇಲೆ ಭಾವನ ಮನೆಯಿಂದ ಅವರ 10 ಇಂಚಿನ ಸಬ್ ತಂದು ಕೂರಿಸಿದೆ. ಒಳ್ಳೆ ಕಂಪನಿ ಮಾಲು, ಪೋರ್ಟ್ (ಡಬ್ಬದಲ್ಲಿ ಗಾಳಿ ಆಡುವ ತೂತು) ಇರುವುದು. ಸಿನಿಮಾದಲ್ಲಿ ಸ್ಫೋಟ ಆದರೆ ಹೊಟ್ಟೆ ನಡುಗುತ್ತಿತ್ತು, ಅದು ನಿಜ. ಆದರೆ ಹಾಡಿನಲ್ಲಿ ಬೇಸ್ ಗಿಟಾರ್‌ನ ಒಂದೆರಡು ಸ್ವರ ಮಾತ್ರ ಗುಮ್ಮ್ ಅಂತ ಎದ್ದು, ಉಳಿದವು ಮಲಗುತ್ತಿದ್ದವು. ಭಾವ, "ನೋಡು, ಹೇಗಿದೆ ಬೇಸ್!" ಅಂದರು. ನನಗೆ ಅದು ಬೇಸ್ ಅಲ್ಲ, ಕೋಣೆಯ ಕೂಗು.

ಅಲ್ಲಿಂದ ಅಳತೆಗೆ ಇಳಿದೆ. ಬ್ರೋಷರ್‌ನಲ್ಲಿ ನನ್ನ ಸ್ಪೀಕರ್ 80 ಹರ್ಟ್ಸ್‌ವರೆಗೆ ಇಳಿಯುತ್ತದೆ ಅಂತ ಇತ್ತು. ಸದ್ದು ಎಷ್ಟು ಡೆಸಿಬೆಲ್ ತಗ್ಗಿದಾಗ 80 ಅಂತ ಬರೆದಿರಲಿಲ್ಲ. ಫೋನಿನಲ್ಲಿ ಟೋನ್ ಹಾಕಿ 200ರಿಂದ ಮೆಲ್ಲಗೆ ಇಳಿಸುತ್ತಾ ಬಂದೆ. 115, 110ಕ್ಕೆ ಬರುತ್ತಿದ್ದಂತೆ ಕೈಬಿಡಲು ಶುರು. ಗೆಳೆಯನ ಹತ್ತಿರ ಯುಎಸ್‌ಬಿ ಮೈಕ್ ಇತ್ತು, ಲ್ಯಾಪ್‌ಟಾಪ್‌ನಲ್ಲಿ ಆರ್‌ಇಡಬ್ಲ್ಯೂ ಅನ್ನುವ, ಸದ್ದು ಅಳೆದು ಗ್ರಾಫ್ ತೋರಿಸುವ ಸಾಫ್ಟ್‌ವೇರ್ ಹಾಕಿ ಮತ್ತೆ ನೋಡಿದೆವು. ಅದೂ 110 ಅಂತಲೇ ತೋರಿಸಿತು. ಆ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಕಲಿಯಲು ಒಂದು ಭಾನುವಾರ ಸಾಕು. ಫೋನಿನ ಮೈಕ್ ತಳದ ಸದ್ದಿಗೆ ನಂಬಿಕಸ್ಥ ಅಲ್ಲ, ಆದರೆ ಎರಡನ್ನು ಹೋಲಿಸಿ ನೋಡಲು ನಡೆಯುತ್ತದೆ.

ಅದೇ ಗ್ರಾಫ್‌ನಲ್ಲಿ ಇನ್ನೊಂದು ಕಾಣಿಸಿತು. ಭಾವನ ಸಬ್ ಹಾಕಿದಾಗ 40 ಹರ್ಟ್ಸ್‌ನಲ್ಲಿ ದೊಡ್ಡ ಗುಡ್ಡ. ಎದುರು ಬದುರು ಗೋಡೆಗೆ ಸದ್ದು ಬಡಿದು ಮರಳುವಾಗ, ಉದ್ದಕ್ಕೆ ತಕ್ಕ ಒಂದು ಸ್ವರವನ್ನು ಕೋಣೆಯೇ ಉಬ್ಬಿಸುತ್ತದೆ; 14 ಅಡಿ ಉದ್ದದ ಹಾಲ್‌ಗೆ ಲೆಕ್ಕ ಹಾಕಿದರೂ 40 ಬರುತ್ತದೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಕೋಣೆ ಉದ್ದದ (ಮೀಟರ್‌ನಲ್ಲಿ) ಎರಡರಷ್ಟರಿಂದ ಭಾಗಿಸಿ ನೋಡಿ. ಬೇಸ್ ಗಿಟಾರ್‌ನ ಅತಿ ಕೆಳಗಿನ ತಂತಿ 41 ಹರ್ಟ್ಸ್. ಗುಮ್ಮ್ ಅನ್ನುತ್ತಿದ್ದದ್ದು ಅದೇ.

ಅಲ್ಲಿಗೆ ನನಗೆ ಬೇಕಾದ್ದು ಏನು ಅಂತ ಗೊತ್ತಾಯಿತು. ಎಲ್ಲರೂ ಸಬ್ ಎಷ್ಟು ಕೆಳಗೆ ಹೋಗುತ್ತದೆ ಅಂತ ಕೇಳುತ್ತಾರೆ. ಗೋಡೆ ಸ್ಪೀಕರ್ ಇರುವವರು ಕೇಳಬೇಕಾದ್ದು, ಅದು ಎಷ್ಟು ಮೇಲಿನವರೆಗೆ ಸ್ವಚ್ಛವಾಗಿ ಬರುತ್ತದೆ ಅಂತ. ನನ್ನ ಸ್ಪೀಕರ್ 110ಕ್ಕೆ ಕೈಬಿಟ್ಟರೆ ಸಬ್ 120, 130ರವರೆಗೆ ಬಂದು ಕೈ ಹಿಡಿಯಬೇಕು. ತಳದ 40ನ್ನು ಕೋಣೆಯೇ ಎತ್ತಿಕೊಡುತ್ತದೆ, ಅದಕ್ಕೆ ದುಡ್ಡು ಯಾಕೆ ಕೊಡಬೇಕು? ಪೋರ್ಟ್ ಇಲ್ಲದ ಸೀಲ್ಡ್ ಎಂಟಿಂಚು 45ರ ಹತ್ತಿರದಿಂದ ಮೆಲ್ಲಗೆ ಇಳಿಯುತ್ತದೆ, ನಮ್ಮ ಹಾಲ್ ಅಲ್ಲೇ ಏರಿಸುತ್ತದೆ. ಎರಡೂ ಸೇರಿದರೆ ನೆಟ್ಟಗೆ. ಇದನ್ನು ಹೇಳಿದಾಗ ಬೆಂಗಳೂರಿನ ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಒಬ್ಬರು, "ಸಾರ್, ಎಂಟಿಂಚು ತಗೊಂಡು ಹೋಗಿ ಮತ್ತೆ ವಾಪಸ್ ತರ್ತೀರಾ" ಅಂದರು. ತುಮಕೂರಿನಿಂದ ಅಲ್ಲಿಗೆ 70 ಕಿಲೋಮೀಟರ್. ವಾಪಸ್ ಹೋಗಬೇಕಾಗಿ ಬರಲಿಲ್ಲ.

ಕೊನೆಗೆ ಬೆಂಗಳೂರಿನಲ್ಲೇ ಒಬ್ಬರಿಂದ ಸೆಕೆಂಡ್ ಹ್ಯಾಂಡ್‌ಗೆ ಸಿಕ್ಕಿತು. 13,500 ಇರಬೇಕು. ಸೀಲ್ಡ್, ಆಕ್ಟಿವ್ (ಒಳಗೇ ಆಂಪ್ ಇರುವುದು), ಕಟ್ ನಾಬ್ 150ರವರೆಗೆ, ಹೈ ಲೆವೆಲ್ ಇನ್‌ಪುಟ್ (ಸ್ಪೀಕರ್ ವೈರ್ ನೇರ ಕೊಡುವ ಜಾಗ) ಇದೆ. ಇಂಥ ಮಾಲು ಎಲ್ಲಿ ಹುಡುಕುತ್ತೇನೆ ಅನ್ನುವುದನ್ನು ಮಾತ್ರ ಕೇಳಬೇಡಿ, ನನಗೂ ಇನ್ನೂ ಬೇಕಾಗುತ್ತದೆ.

ಹೈ ಲೆವೆಲ್ ಇನ್‌ಪುಟ್ ಇದ್ದದ್ದರಿಂದ ಬಚಾವಾದೆ. ಆಂಪ್‌ನ ಸ್ಪೀಕರ್ ಟರ್ಮಿನಲ್‌ನಿಂದಲೇ ಇನ್ನೊಂದು ಜೊತೆ ವೈರ್ ಎಳೆದು ಸಬ್‌ಗೆ ಕೊಟ್ಟೆ. ಆಕ್ಟಿವ್ ಸಬ್ ಅಲ್ಲಿಂದ ಸಿಗ್ನಲ್ ಮಾತ್ರ ತಗೊಳ್ಳುತ್ತದೆ, ಆಂಪ್‌ಗೆ ಭಾರ ಬೀಳುವುದಿಲ್ಲ. ಹಾಗಾಗಿ ತೆಳು ವೈರ್ ಸಾಕು. ಸ್ಪೀಕರ್ ವೈರ್‌ನ ಸಿಗ್ನಲ್ ತಗ್ಗಿಸಿ ಕೊಡುವ, ಕಾರಿಗೆ ಹಾಕುವ ಹೈ ಟು ಲೋ ಕನ್ವರ್ಟರ್ ಕೂಡ ಹಾಕಿ ನೋಡಿದ್ದೆ, ಮುನ್ನೂರೋ ನಾನೂರೋ ಕೊಟ್ಟು. ಗುಂಯ್ ಅನ್ನುವ ಹಮ್ ಬಂತು, ತೆಗೆದೆ. ಒಂದು ಎಚ್ಚರಿಕೆ: ಈಗಿನ ಸಣ್ಣ ಕ್ಲಾಸ್ ಡಿ ಆಂಪ್‌ಗಳಲ್ಲಿ ಹಲವು ಬ್ರಿಡ್ಜ್ ಔಟ್‌ಪುಟ್‌ನವು, ಅಂದರೆ ಪ್ಲಸ್, ಮೈನಸ್ ಎರಡು ಕಡೆಯೂ ಸಿಗ್ನಲ್ ಇರುವವು. ಅವುಗಳ ಮೈನಸ್ ಗ್ರೌಂಡ್ ಅಲ್ಲ. ಆಂಪ್ ಆಫ್ ಮಾಡಿ, ಸ್ಪೀಕರ್ ವೈರ್ ಬಿಚ್ಚಿ, ಎಡ ಮತ್ತು ಬಲ ಮೈನಸ್ ನಡುವೆ ಮಲ್ಟಿಮೀಟರ್ ಇಡಿ. ಬೀಪ್ ಬರದಿದ್ದರೆ ಎರಡು ಮೈನಸ್ ಸೇರಿಸಲು ಹೋಗಬೇಡಿ, ಆಂಪ್ ಸುಟ್ಟುಹೋಗುತ್ತದೆ. ನನ್ನ ಟೇಬಲ್‌ಗೆ ಹಾಗೆ ಸುಟ್ಟು ಬಂದವು ಸುಮಾರಿವೆ.

ಜಾಗದ ವಿಷಯಕ್ಕೆ ಬರುತ್ತೇನೆ. 110ರಲ್ಲಿ ಕಟ್ ಮಾಡಿದ ಮೇಲೆ ಸಬ್ ಸೋಫಾ ಪಕ್ಕದ ಮೂಲೆಯಲ್ಲಿ ಇರಲು ಸಾಧ್ಯವೇ ಇಲ್ಲ, ಕಿವಿ ಕಂಡುಹಿಡಿಯುತ್ತದೆ. ಎರಡು ಸ್ಪೀಕರ್ ನಡುವೆ, ಟಿವಿ ಕೆಳಗೇ ಬರಬೇಕು. 11 ಅಡಿ ಗೋಡೆಯ ಸರಿ ಮಧ್ಯದಲ್ಲಿ ಇಟ್ಟರೆ ಇನ್ನೊಂದು ಲಾಭ, ಅಗಲದಿಂದ ಬರುವ 51 ಹರ್ಟ್ಸ್ ಗುಂಯ್ ಏಳುವುದೇ ಇಲ್ಲ. ಗ್ರಾಫ್‌ನಲ್ಲಿ ಅದು ಮಾಯವಾದದ್ದನ್ನು ನೋಡಿ ನನ್ನ ಗೆಳೆಯ ಮೈಕ್ ಕೆಟ್ಟಿದೆ ಅಂದುಕೊಂಡ. ಟಿವಿ ಸ್ಟ್ಯಾಂಡ್ ಒಂದು ಖಾನೆ ಬಿಚ್ಚಿಸಬೇಕಾಯಿತು, ಬಡಗಿಗೆ 800 ಹೋಯಿತು. ಹನ್ನೆರಡಿಂಚಿನ ಡಬ್ಬ ಅಲ್ಲಿ ಹಿಡಿಯುತ್ತಲೇ ಇರಲಿಲ್ಲ ಅನ್ನುವುದನ್ನೂ ಗಮನಿಸಿ.

100 ಹರ್ಟ್ಸ್ ಅಲೆ ಸುಮಾರು 11 ಅಡಿ ಉದ್ದ. ಸಬ್ ನಿಮ್ಮಿಂದ ಸ್ಪೀಕರ್‌ಗಿಂತ ಐದೂವರೆ ಅಡಿ ಹೆಚ್ಚು ದೂರ ಅಥವಾ ಹತ್ತಿರ ಇದ್ದರೆ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಮೂಲೆಯಲ್ಲಿದ್ದಾಗ ಆಗುತ್ತಿದ್ದದ್ದು ಇದೂ ಹೌದು. ಒಂದೇ ಗೋಡೆಗೆ ಬಂದ ಮೇಲೆ ಫೇಸ್ ಸ್ವಿಚ್ 0 ಮತ್ತು 180 ನಡುವೆ ಹಾಕಿ ತೆಗೆದು ನೋಡಿದೆ. ನನಗೆ 180ರಲ್ಲಿ ಮೃದಂಗಕ್ಕೆ ಮೈ ಬಂತು. ನಿಮ್ಮಲ್ಲಿ 0 ಇರಬಹುದು, 110ರ ಟೋನ್ ಹಾಕಿ ಯಾವುದರಲ್ಲಿ ಜಾಸ್ತಿ ಕೇಳುತ್ತದೋ ಅದು. ಆಮೇಲೆ ಗೇನ್ (ಸಬ್ ಎಷ್ಟು ಜೋರು ಅನ್ನುವುದು) ಕೂರಿಸಲು ನನ್ನದೇ ಒಂದು ಉಪಾಯ ಇದೆ, ಐದು ನಿಮಿಷದ ಕೆಲಸ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಧ್ಯೆ ಬೇರೆ ಪ್ರಯೋಗಗಳೂ ಆದವು. ಸ್ಪೀಕರ್‌ಗೆ ಹೋಗುವ ತಳದ ಸದ್ದನ್ನು ತಡೆಯಲು ಸರಣಿಯಲ್ಲಿ ಕೆಪಾಸಿಟರ್ ಹಾಕಿದೆ. 8 ಓಮ್‌ಗೆ 100 ಹರ್ಟ್ಸ್ ಅಂದರೆ 200 ಮೈಕ್ರೊಫ್ಯಾರಡ್. ನಾನ್ ಪೋಲಾರ್ (ಪ್ಲಸ್, ಮೈನಸ್ ಭೇದ ಇಲ್ಲದ್ದು) ಅಷ್ಟು ದೊಡ್ಡದು ಸಿಗದೆ 470ರ ಎರಡನ್ನು ಬೆನ್ನಿಗೆ ಬೆನ್ನು ಕೊಟ್ಟು ಬೆಸುಗೆ ಹಾಕಿದೆ, 235 ಆಯಿತು. ಕಾಗದದ ಲೆಕ್ಕದಂತೆ ನಡೆಯಲಿಲ್ಲ. ವೂಫರ್‌ನ ಸ್ವಂತ ರೆಸೊನೆನ್ಸ್ (ಅದು ತಾನಾಗಿ ಅದುರುವ ಹರ್ಟ್ಸ್) ಹತ್ತಿರ ಅದು 8 ಓಮ್ ಆಗಿ ಉಳಿಯುವುದೇ ಇಲ್ಲ, ಬಹಳ ಏರುತ್ತದೆ. ತೆಗೆದುಬಿಟ್ಟೆ. ಸೀಲ್ಡ್ ಸ್ಪೀಕರ್ ತಾನಾಗಿಯೇ ಇಳಿಯುವ ರೀತಿಯೇ ಸಾಕು. ಹಳೆಯ ಹತ್ತಿ ಹಾಸಿಗೆ ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿದ್ದೂ ಆಯಿತು. ಮಾತು ಸ್ವಲ್ಪ ಸ್ಪಷ್ಟವಾಯಿತು, 40ಕ್ಕೆ ಏನೂ ಆಗಲಿಲ್ಲ. ಆ ಅಲೆಯ ಕಾಲು ಭಾಗವೇ ಏಳಡಿ, ಒಂದು ಹಾಸಿಗೆ ಏನು ಮಾಡೀತು.

ಸಬ್ ಒಡೆದಂತೆ ಸದ್ದು ಮಾಡುತ್ತಿದೆ ಅಂತ ಒಂದು ಸಂಜೆ ಡ್ರೈವರ್ ಬಿಚ್ಚಲು ಸ್ಕ್ರೂಡ್ರೈವರ್ ತಂದಿದ್ದೆ. ಮನೆಯವಳು ಶೋಕೇಸ್ ಗಾಜಿನ ಮೇಲೆ ಬೆರಳಿಟ್ಟಳು, ಸದ್ದು ನಿಂತಿತು. ಗಾಜಿನ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದೆವು, 40 ರೂಪಾಯಿ. ಕರೆಂಟ್ ಹೋದಾಗ ಬರುವ ಗುಂಯ್‌ಗೂ ಸಬ್ ಕಾರಣ ಅಲ್ಲ, ನಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್, ಅದರ ಕರೆಂಟ್ ಅಲೆ ನಯವಾಗಿರುವುದಿಲ್ಲ. ಸಬ್ ಪ್ಲಗ್ ಅನ್ನು ಇನ್ವರ್ಟರ್ ಲೈನ್‌ನಿಂದ ತೆಗೆದು ನೇರ ಲೈನ್‌ಗೆ ಹಾಕಿದೆ.

ಭಾವ ಹೋದ ಹಬ್ಬಕ್ಕೆ ಬಂದಾಗ ಡೊಳ್ಳಿನ ರೆಕಾರ್ಡಿಂಗ್ ಹಾಕಿದೆ. ಎದ್ದು ಹೋಗಿ ಟಿವಿ ಕೆಳಗೆ ಕೈ ಇಟ್ಟು ನೋಡಿದರು. "ಇದೇ ಎಂಟಿಂಚಾ?" ಅಂದರು. ಹೌದು, ಅದೇ.

ಈಗ ನಮ್ಮೂರಿನ ಶಿರಾ ಗೇಟ್ ಹತ್ತಿರ ಗೆಳೆಯನ ಮನೆಯ ಕೆಲಸ ಕೈಯಲ್ಲಿದೆ. ಅವನ ಹಾಲ್ 20 ಅಡಿ, ಗೋಡೆ ಸ್ಪೀಕರ್ ಐದೂಕಾಲು ಇಂಚಿನವು, 85ರ ಹತ್ತಿರ ಕೈಬಿಡುತ್ತವೆ. ಆ ಉದ್ದಕ್ಕೆ ಕೋಣೆ ಎತ್ತಿಕೊಡುವುದು 28ರಲ್ಲಿ, 40ಕ್ಕೆ ಸಹಾಯ ಇಲ್ಲ. ಹಾಗಾಗಿ ಅಲ್ಲಿ ಎಂಟಿಂಚು ಸಾಲದು, 10 ಇಂಚಿನ ಸೀಲ್ಡ್ ಬೇಕು, 90ರಲ್ಲಿ ಕಟ್. ಬಜೆಟ್ 20,000. ಹೈ ಲೆವೆಲ್ ಇನ್‌ಪುಟ್ ಇರುವುದು ಯಾರಾದರೂ ಮಾರುತ್ತಿದ್ದರೆ ತಿಳಿಸಿ.