ಅಟೇನ್‌ಮೆಂಟ್ ಎಕ್ಸೆಲ್ ಪಕ್ಕಕ್ಕಿಟ್ಟು ಮಕ್ಕಳ ಹಾಳೆ ಓದಿಸಿದ್ದು – ನನ್ನ ಅನುಭವ

ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕಿನ ಪೀರ್ ಟೀಮ್ (ಪರಿಶೀಲನೆಗೆ ಬರೋ ತಂಡ) ಬಂದು ಹೋದ್ಮೇಲೆ, ರಿಪೋರ್ಟಲ್ಲಿ ನಮ್ಮ ಡಿಪಾರ್ಟ್‌ಮೆಂಟಿನ ಔಟ್‌ಕಮ್ ಕೆಲಸದ, ಅಂದ್ರೆ ಮಕ್ಕಳು ನಿಜವಾಗ್ಲೂ ಏನು ಕಲಿತ್ರು ಅಂತ ಅಳೆದದ್ದರ ಬಗ್ಗೆ ಒಂದು ಒಳ್ಳೇ ಸಾಲು ಬಂತು ನೋಡಿ, ಅವತ್ತಿಂದ "ಮೇಡಂ ಆ ರೂಬ್ರಿಕ್ (ಅಂಕ ಕೊಡೋ ಅಳತೆಪಟ್ಟಿ) ಸ್ವಲ್ಪ ಕಳಿಸಿ" ಅನ್ನೋ ಫೋನ್ ನಿಂತಿಲ್ಲ. ಇವರಲ್ಲೇ ಅರ್ಧ ಜನ ಆವಾಗ "ಇದನ್ನೆಲ್ಲ ನ್ಯಾಕ್ ಪೋರ್ಟಲಲ್ಲಿ ಎಲ್ಲಿ ಅಪ್‌ಲೋಡ್ ಮಾಡ್ತೀರಿ" ಅಂತ ನಕ್ಕೋರು. ಎಲ್ರಿಗೂ ಸೇರಿಸಿ ಒಂದೇ ಸಲ ಬರೀತಿದ್ದೀನಿ.

ನನ್ನದು ಮುಂಬೈ ಸಬರ್ಬಿನ ಡಿಗ್ರಿ ಕಾಲೇಜು, ಸೋಶಿಯಾಲಜಿ. ಶುರುವಾಗಿದ್ದು ಸಿಎಚ್‌ಬಿ ಅನ್ನೋ ಟೆಂಪರರಿ ಕೆಲಸದಲ್ಲಿ, ಬೆಳಿಗ್ಗೆ ಘಾಟ್ಕೋಪರ್ ಮಧ್ಯಾಹ್ನ ಡೊಂಬಿವಲಿ, ತಾಸಿನ ಲೆಕ್ಕದ ದುಡ್ಡು ಅದೂ ವರ್ಷದ ಕೊನೆಗೆ, ಲೋಕಲ್ ಪಾಸಿಗೂ ಅಣ್ಣನ ಹತ್ರ ಕೈಚಾಚಿದ್ದಿದೆ. ಆಮೇಲೆ ನೆಟ್ ಪರೀಕ್ಷೆ, ಪರ್ಮನೆಂಟ್, 2010ರ ಯುಜಿಸಿ ರೆಗ್ಯುಲೇಷನ್ ಬಂದ್ಮೇಲೆ ಎಲ್ಲರ ಥರ ಪ್ರಮೋಷನ್ನಿಗೆ ಎಪಿಐ ಅಂಕ ಕೂಡಿಸಿದ್ದು, ಯಾರಿಗೂ ಬೇಡದ ಐಕ್ಯೂಎಸಿ (ಕಾಲೇಜಿನ ಗುಣಮಟ್ಟ ನೋಡ್ಕೊಳ್ಳೋ ಸಮಿತಿ) ನನ್ನ ತಲೆಗೆ ಬಂದಿದ್ದು. 2017ರಲ್ಲಿ ನ್ಯಾಕಿನ ಹೊಸ ಫ್ರೇಮ್‌ವರ್ಕ್ ಬಂತು, ಎಲ್ಲಾ ಮೆಟ್ರಿಕ್ಕು, ಎಲ್ಲಾ ಡೇಟಾ, ನಮ್ಮ ಕಾಲೇಜಲ್ಲಿ 2.6, ಅಂದ್ರೆ ಮಕ್ಕಳ ಕಲಿಕೆಯ ಫಲಿತಾಂಶದ ಭಾಗ ಯಾರು ತುಂಬೋದು ಅಂದ್ರೆ ಎಲ್ರೂ ನನ್ನ ಕಡೆ ನೋಡಿದ್ರು.

ಸಿಓ-ಪಿಓ ಮ್ಯಾಪಿಂಗ್, ಅಂದ್ರೆ ಪ್ರತಿ ಕೋರ್ಸಿಂದ ಕಲೀಬೇಕಾದ್ದನ್ನ ಇಡೀ ಡಿಗ್ರಿಯಿಂದ ಕಲೀಬೇಕಾದ್ದಕ್ಕೆ ಜೋಡಿಸಿ, ಎಷ್ಟು ಸಾಧಿಸಿದ್ವಿ (ಅಟೇನ್‌ಮೆಂಟ್) ಅಂತ ಎಕ್ಸೆಲಲ್ಲಿ ಲೆಕ್ಕ ಹಾಕೋದು, ಪಾಠ ಮಾಡೋರಿಗೆ ಗೊತ್ತಿರೋದೇ. ಪರೀಕ್ಷೆ ಅಂಕಕ್ಕೆ 80, ಮಕ್ಕಳ ಸರ್ವೆಗೆ 20, ಇಷ್ಟು ಪರ್ಸೆಂಟ್ ಮಕ್ಕಳು ಇಷ್ಟು ದಾಟಿದ್ರೆ ಲೆವೆಲ್ ಮೂರು, ಕೊನೆಗೆ ಮೂರಕ್ಕೆ 2.4 ಅಂತ ಏನೋ ಒಂದು ಬರುತ್ತೆ. ಅದೇ ಮಾರ್ಕ್ಸಿಗೆ ಬೇರೆ ಅಂಗಿ ತೊಡಿಸಿದ್ದು ಅಷ್ಟೆ. ನಮ್ಮ ಹುಡುಗ್ರು ಮೂರು ವರ್ಷದಲ್ಲಿ ಸೋಶಿಯಾಲಜಿ ಕಣ್ಣಿಂದ ನೋಡೋಕೆ ಕಲಿತ್ರಾ ಅಂದ್ರೆ ಆ 2.4 ಏನೂ ಹೇಳಲ್ಲ. ಒಂದು ಕಂಪನಿಯವರು ಸಾಫ್ಟ್‌ವೇರ್ ಮಾರೋಕೆ ಬಂದಿದ್ರು, ವರ್ಷಕ್ಕೆ ಎರಡು ಲಕ್ಷದ ಹತ್ರ, ಅದೇ 2.4ನ್ನ ಬಣ್ಣಬಣ್ಣದ ಗ್ರಾಫಲ್ಲಿ ಕೊಡ್ತೀವಿ ಅಂದ್ರು.

ನಾನು ಮಾಡಿದ್ದು ಇಷ್ಟು. ಎಫ್‌ವೈಗೆ (ಮೊದಲ ವರ್ಷ) ಸೇರಿದ ಮೊದಲ ವಾರ ಮಕ್ಕಳ ಕೈಗೆ ಅರ್ಧ ಪುಟದ ಚೀಟಿ, ನಲವತ್ತು ನಿಮಿಷ, ಕ್ಲಾಸಲ್ಲೇ ಕೂತು ಕೈಬರಹದಲ್ಲಿ. ಅದೇ ಮಕ್ಕಳು ಟಿವೈ (ಮೂರನೇ ವರ್ಷ) ಮುಗಿಸೋ ಹೊತ್ತಿಗೆ ಅದೇ ಚೀಟಿ ಮತ್ತೆ. ಮೊದಲ ಬ್ಯಾಚಿಂದು ಹೌಸಿಂಗ್ ಸೊಸೈಟಿ ನೋಟಿಸು, ಮುಂಬೈಲಿ ದಿನಾ ಕಾಣೋ ಥರದ್ದೇ: ಬ್ಯಾಚುಲರ್‌ಗಳಿಗೆ ಫ್ಲ್ಯಾಟ್ ಕೊಡಬಾರದು, ಮನೆಗೆಲಸದವರು ಸರ್ವಿಸ್ ಲಿಫ್ಟಲ್ಲೇ ಬರಬೇಕು, ಹೀಗೆ. ಕೆಳಗೆ ಎರಡೇ ಪ್ರಶ್ನೆ, ಇಲ್ಲಿ ಏನು ನಡೀತಿದೆ, ಇನ್ನೂ ತಿಳ್ಕೊಬೇಕಂದ್ರೆ ಯಾರ ಹತ್ರ ಏನು ಕೇಳ್ತೀರಿ. ಹೆಸರಿಲ್ಲ, ಬರೀ ಕೋಡು. ಎಫ್‌ವೈ ಟಿವೈ ಹಾಳೆ ಕಲಸಿ ಹೊರಗಿನ ಇಬ್ಬರ ಹತ್ರ ತಿದ್ದಿಸೋದು, ಒಬ್ಬರು ಪುಣೆ ಕಾಲೇಜಿನವರು, ಇನ್ನೊಬ್ಬರು ರಿಟೈರಾದ ನಮ್ಮೂರ ಕಡೆಯ ಮೇಷ್ಟ್ರು. ಒಂದು ಮಾತು ನೆನಪಿಡಿ, ಒರಿಜಿನಲ್ ಕಳಿಸಬೇಡಿ, ಮೂರು ವರ್ಷದ ಹಿಂದಿನ ಹಾಳೆ ಹಳದಿಯಾಗಿರುತ್ತೆ, ತಿದ್ದೋರಿಗೆ ನೋಡಿದ್ ತಕ್ಷಣ ಗೊತ್ತಾಗುತ್ತೆ, ಎಲ್ಲವನ್ನೂ ಒಂದೇ ದಿನ ಝೆರಾಕ್ಸ್ ಮಾಡಿಸಿ.

ಮೊದಲ ರೂಬ್ರಿಕ್ ಹನ್ನೆರಡು ಸಾಲಿಂದು, ಕಲಿಕೆಯ ಹಂತಗಳನ್ನ ಪಟ್ಟಿ ಮಾಡಿದ ಬ್ಲೂಮ್ ಹೆಸರಲ್ಲಿ ಎಲ್ಲಾ ಕ್ರಿಯಾಪದ ತುರುಕಿದ್ದು. ಇಬ್ಬರಿಗೂ ಒಂದಿಷ್ಟು ಹಾಳೆ ಟ್ರಯಲ್‌ಗೆ ಕೊಟ್ಟರೆ ಕಪ್ಪಾ (ಇಬ್ಬರ ತಿದ್ದುವಿಕೆ ಎಷ್ಟು ಹೊಂದುತ್ತೆ ಅನ್ನೋ ಅಳತೆ, ಪೂರ್ತಿ ಹೊಂದಿದ್ರೆ 1) 0.3ರ ಆಸುಪಾಸು, ಅಂದ್ರೆ ಒಂದೇ ಹಾಳೆಗೆ ಇವರು ಭೇಷ್ ಅಂದ್ರೆ ಅವರು ಫೇಲ್. ಮೇಷ್ಟ್ರು ಫೋನ್ ಮಾಡಿ, "ಏನಮ್ಮಾ ಇದು, ಇಷ್ಟು ಕಾಲಂ ತುಂಬೋಕೆ ನಾನೇನು ಸೆನ್ಸಸ್ ಎನ್ಯುಮರೇಟರಾ" ಅಂತ ಬೈದ್ರು. ಕಡಿದು ಕಡಿದು ನಾಲ್ಕಕ್ಕೆ ಇಳಿಸಿದೆ: ಕಂಡದ್ದನ್ನೂ ಊಹೆಯನ್ನೂ ಬೇರೆ ಮಾಡ್ತಾನಾ, ಈ ಕತೆಯಲ್ಲಿ ಯಾರ ಮಾತು ಇಲ್ಲ ಅಂತ ಗಮನಿಸ್ತಾನಾ, ಒಂದಕ್ಕಿಂತ ಹೆಚ್ಚು ಕಾರಣ ಯೋಚಿಸ್ತಾನಾ, ಮುಂದಿನ ಪ್ರಶ್ನೆ ಕೆಲಸಕ್ಕೆ ಬರೋದಾ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು, ಒಟ್ಟು ಹನ್ನೆರಡು. ಇಬ್ಬರನ್ನೂ ಒಂದು ಭಾನುವಾರ ದಾದರಲ್ಲಿ ಕೂರಿಸಿ ಒಂದಿಷ್ಟು ಹಾಳೆ ಒಟ್ಟಿಗೆ ಜಗಳಾಡ್ಕೊಂಡು ತಿದ್ದಿದ್ಮೇಲೆ ಕಪ್ಪಾ 0.65ರ ತನಕ ಬಂತು. ಆ ಭಾನುವಾರ ಬಿಟ್ರೆ ಈ ವಿಧಾನವೇ ಇಲ್ಲ, ಜನ ರೂಬ್ರಿಕ್ ಮಾತ್ರ ಕೇಳ್ತಾರೆ.

2020ರ ಫೆಬ್ರವರಿಲಿ, ಲಾಕ್‌ಡೌನ್‌ಗೆ ಸ್ವಲ್ಪ ಮುಂಚೆ, ಮೊದಲ ಬ್ಯಾಚಿನ ರಿಸಲ್ಟು. ಎಫ್‌ವೈಲಿ ಸರಾಸರಿ ನಾಲ್ಕರ ಹತ್ರ, ಟಿವೈಲಿ ಐದೂ ಚಿಲ್ಲರೆ. ಮೂರು ವರ್ಷ ಪಾಠ ಮಾಡಿ ಒಂದು ಅಂಕ! ಅದಕ್ಕಿಂತ ಬೇಜಾರು ಅಂದ್ರೆ ಕಂಡದ್ದು-ಊಹೆ ಸಾಲಲ್ಲಿ ಕೆಲವರು ಕೆಳಗೇ ಹೋಗಿದ್ರು. ಎಫ್‌ವೈಲಿ ಒಬ್ಬ ಹುಡುಗಿ "ಲಿಫ್ಟ್ ನಿಯಮ ಬರೆದೋರು ಯಾರು ಅಂತ ಹಾಕಿಲ್ಲ" ಅಂತ ಬರೆದಿದ್ದಳು, ಟಿವೈಲಿ ಅದೇ ಹುಡುಗಿ ನೋಟಿಸನ್ನ ಸರಿಯಾಗಿ ಓದದೆ ಡರ್ಕೈಮ್, ಫಂಕ್ಷನಲಿಸಂ, ಸೋಶಿಯಲ್ ಎಕ್ಸ್‌ಕ್ಲೂಷನ್ ಅಂತ ಪುಸ್ತಕದ ಥಿಯರಿಯನ್ನೇ ಎರಡು ಪುಟ ಸುರಿದಿದ್ದಾಳೆ. ನಮ್ಮ ಎಕ್ಸೆಲಲ್ಲಿ ಆಕೆ ಲೆವೆಲ್ ಮೂರು. ಸ್ಟಾಫ್ ರೂಮಲ್ಲಿ ಇದನ್ನ ತೋರಿಸಿದಾಗ "ಇದನ್ನ ಹೊರಗೆ ಹಾಕಬೇಡಿ ಮೇಡಂ" ಅಂದ್ರು. ಬಾಂಬೆ ಯೂನಿವರ್ಸಿಟಿಲಿ 1919ರಲ್ಲಿ ಈ ಸಬ್ಜೆಕ್ಟಿನ ಡಿಪಾರ್ಟ್‌ಮೆಂಟ್ ಶುರುಮಾಡಿದ ಪ್ಯಾಟ್ರಿಕ್ ಗೆಡ್ಡೆಸ್ ಊರೂರು ಸುತ್ತಿ ಸರ್ವೆ ಮಾಡ್ತಿದ್ದ ಮನುಷ್ಯ, ಆಮೇಲೆ ಬಂದ ಘುರ್ಯೆಯವರ ಶಿಷ್ಯರೇ ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್, ಅವರು ಹಳ್ಳೀಲಿ ಕೂತು ನೋಡಿ ಬರೆದವರು. ನಾವು ನೋಡೋದನ್ನ ಬಿಟ್ಟು ನೋಟ್ಸ್ ಬರೆಸ್ತಿದ್ವಿ.

ಹಾಗಾಗಿ ಎಸ್‌ವೈಲಿ (ಎರಡನೇ ವರ್ಷ) ಥಿಯರಿಯ ಒಂದಿಷ್ಟು ಲೆಕ್ಚರ್ ಕತ್ತರಿಸಿ ಫೀಲ್ಡ್ ಹಾಕಿದೆ. ಬೆಳಗಿನ ಜಾವ ಭಾವುಚಾ ಧಕ್ಕಾ ಬಂದರಲ್ಲಿ ಮೀನಿನ ಹರಾಜು, ದಾದರ್ ಹೂವಿನ ಮಾರ್ಕೆಟ್ಟು, ಇಲ್ಲಾ ತಮ್ಮದೇ ಚಾಳಿನ ನೀರಿನ ಕ್ಯೂ. ನೋಟ್‌ಬುಕ್ಕಲ್ಲಿ ಎರಡು ಕಾಲಂ, ಎಡಕ್ಕೆ ಕಂಡದ್ದು, ಬಲಕ್ಕೆ ಅಂದ್ಕೊಂಡದ್ದು. ಪೋರ್ಷನ್ ಮುಗಿಯಲ್ಲ ಅಂತ ಗಲಾಟೆ ಆಯ್ತು, ಮುಗೀತು.

ಮಧ್ಯದಲ್ಲಿ ಕೋವಿಡ್ ಬ್ಯಾಚ್ ಪೂರ್ತಿ ವೇಸ್ಟು, ಮನೆಯಿಂದ ಬರೆದು ಕಳಿಸಿದ್ರು, ಎಲ್ಲಾ ಹಾಳೆ ಒಂದೇ ವಾಟ್ಸಾಪ್ ಗ್ರೂಪಲ್ಲಿ ಹುಟ್ಟಿದ್ದು. 2022ರಲ್ಲಿ ಸೇರಿದ ಬ್ಯಾಚಿಗೆ ಮತ್ತೆ ಮೊದಲಿಂದ. ಈ ಸಲ ಎರಡು ವಿಷಯ ಬಿಗಿ ಮಾಡಿದೆ. ಒಂದು, ಎರಡೂ ಸಲ ಬರೆದ ಮಕ್ಕಳ ಹಾಳೆ ಮಾತ್ರ ಲೆಕ್ಕಕ್ಕೆ. ಎಫ್‌ವೈಲಿ ಎಪ್ಪತ್ತು ಜನ ಇದ್ರೆ ಟಿವೈಗೆ ಉಳಿಯೋದು ನಲವತ್ತು, ಬಿಟ್ಟು ಹೋಗೋರು ಹೆಚ್ಚಾಗಿ ವೀಕ್ ಮಕ್ಕಳು, ಅವರನ್ನ ಎಫ್‌ವೈ ಸರಾಸರಿಲಿ ಇಟ್ಕೊಂಡ್ರೆ ಸುಮ್ಮನೆ ಪ್ರಗತಿ ಕಾಣುತ್ತೆ. ಎಷ್ಟೋ ರಿಪೋರ್ಟಿನ ಗುಟ್ಟು ಇದೇ. ಎರಡು, ಸೋಶಿಯಾಲಜಿ ಮುಟ್ಟದ ಇಪ್ಪತ್ತು ಕಾಮರ್ಸ್ ಮಕ್ಕಳಿಗೂ ಅದೇ ಚೀಟಿ, ಯಾಕಂದ್ರೆ ಮೂರು ವರ್ಷ ದೊಡ್ಡೋರಾದ್ರೆ ಯಾರಿಗಾದ್ರೂ ಸ್ವಲ್ಪ ಬುದ್ಧಿ ಬರುತ್ತಲ್ಲ. ಕಾಮರ್ಸಿನೋರು ಒಂದು ಅಂಕದಷ್ಟು ಏರಿದ್ರು, ನಮ್ಮವರು ನಾಲ್ಕರಿಂದ ಏಳರ ಮೇಲೆ. ಕಂಡದ್ದು-ಊಹೆ ಸಾಲಲ್ಲಿ ಕಾಮರ್ಸ್ ಅಲ್ಲಾಡಿಲ್ಲ, ನಮ್ಮವರು ಡಬಲ್. ಇದನ್ನ ನಾನು ಕಾಲರ್ ಎತ್ತಿ ಹೇಳ್ತೀನಿ, ನಮ್ಮ ಸುತ್ತಮುತ್ತ ಕಾಲೇಜಲ್ಲಿ ಯಾರೂ ಈ ಥರ ಹೋಲಿಸಿ ನೋಡಿದ್ದು ನಾನು ಕಂಡಿಲ್ಲ.

ಖರ್ಚು? ಹಾಳೆಗೆ ಹದಿನೈದು ರೂಪಾಯಿ, ನೂರಿಪ್ಪತ್ತು ಹಾಳೆ, ಇಬ್ಬರು, 3600. ಝೆರಾಕ್ಸ್, ಭಾನುವಾರದ ಊಟ, ಪುಣೆ ಟ್ರೇನು ಸೇರಿ ಆರು ಸಾವಿರದೊಳಗೆ. ಮೊದಲ ಸಲ ಕಾಲೇಜು "ಬಜೆಟ್ಟಲ್ಲಿ ಇದಕ್ಕೆ ಹೆಡ್ ಇಲ್ಲ" ಅಂತ ಕೊಡಲಿಲ್ಲ, ನನ್ನ ಕೈಯಿಂದಾನೇ ಹೋಯ್ತು.

ಇನ್ನೊಂದು ಸೈಡಿಗೆ ಮಾಡಿದ್ದು. ಮುನ್ಸಿಪಾಲ್ಟಿ ಕನ್ನಡ ಶಾಲೆಲಿ ಓದಿ ಬಂದ ನಾಲ್ಕೈದು ಮಕ್ಕಳಿದ್ರು, ಒಬ್ಬ ರಾತ್ರಿ ಹೋಟೆಲ್ ಗಲ್ಲಾದಲ್ಲಿ ಕೂರೋನು. ಅವರಿಗೆ ಬೇರೊಂದು ಚೀಟಿ ಕೊಟ್ಟು ಕನ್ನಡದಲ್ಲಿ ಬರೀರಿ ಅಂದೆ. ಇಂಗ್ಲಿಷಲ್ಲಿ ಐದು ತಗೊಂಡ ಹುಡುಗ ಕನ್ನಡದಲ್ಲಿ ಒಂಬತ್ತು. ತಿದ್ದಿದ್ದು ಮೇಷ್ಟ್ರೂ ನಾನೂ, ನಾಲ್ಕೈದು ಹಾಳೆ, ಅದಕ್ಕೆ ರಿಪೋರ್ಟಿಗೆ ಹಾಕಿಲ್ಲ. ಆದ್ರೆ ಮರಾಠಿಲಿ ಇದನ್ನೇ ದೊಡ್ಡದಾಗಿ ಮಾಡೋ ಆಸೆ ಇದೆ.

ಪೋರ್ಟಲ್ ವಿಷಯಕ್ಕೆ ಬಂದ್ರೆ, ಎಕ್ಸೆಲನ್ನೂ ತುಂಬಿದ್ವಿ, ಅದು ಬಿಡೋಕಾಗಲ್ಲ. ವಿವರಣೆ ಬರೆಯೋ ಜಾಗದಲ್ಲಿ ಈ ಕೆಲಸ, ಜೊತೆಗೆ ಒಂದು ಬಾಕ್ಸ್ ಫೈಲಲ್ಲಿ ಜೋಡಿ ಹಾಳೆಗಳು. ಟೀಮಿನ ಒಬ್ಬರು ಗ್ರಾಫ್ ನೋಡೋದು ಬಿಟ್ಟು ಆ ಫೈಲ್ ಹಿಡ್ಕೊಂಡು ಕೂತುಬಿಟ್ರು, ಪ್ರಿನ್ಸಿಪಾಲ್ ಸರ್ ಲಂಚಿಗೆ ಎರಡು ಸಲ ಕರೆದ್ರೂ ಏಳಲಿಲ್ಲ.

ಮಾರ್ಕ್ಸೇ ಇಲ್ಲದ ಪರೀಕ್ಷೆನ ಟಿವೈ ಮಕ್ಕಳು ಮನಸಿಟ್ಟು ಬರೆಯೋ ಹಾಗೆ ಹೇಗೆ ಮಾಡಿದ್ರಿ ಅಂತ ಎಲ್ರೂ ಕೇಳ್ತಾರೆ. ಅದು ಹೇಳಲ್ಲ. 2022ರ ಬ್ಯಾಚಿನ ಚೀಟಿಯೂ ಹೇಳಲ್ಲ, ಅದನ್ನೇ ಮುಂದಿನ ಬ್ಯಾಚಿಗೂ ಬಳಸ್ತಿದ್ದೀನಿ, ಹೊರಗೆ ಬಂದ್ರೆ ಕೋಚಿಂಗ್ ಕ್ಲಾಸಿನವರು ಮಾದರಿ ಉತ್ತರ ಅಚ್ಚು ಹಾಕಿಬಿಡ್ತಾರೆ. ಕಾಮರ್ಸ್ ಎಚ್‌ಓಡಿ ಈಗ ತನಗೂ ಒಂದು ಚೀಟಿ ಮಾಡಿಕೊಡಿ ಅಂತ ಬೆನ್ನು ಬಿದ್ದಿದ್ದಾರೆ, ಮಾಡಿಕೊಡ್ತೀನಿ, ತಿದ್ದೋರ ದುಡ್ಡು ನಿಮ್ಮದು ಅಂತ ಹೇಳಿದ್ದೀನಿ.